330 ಡಿಗ್ರಿ: ದಾರಿ ತಪ್ಪಿದ ಒಂದು ಬಾಂಬರ್ ವಿಮಾನದ ಪ್ರಕರಣ

1958ರ ನವೆಂಬರ್ 9ರಂದು ಲಿಬಿಯಾದ ಮರುಭೂಮಿಯ ಮೇಲೆ ತೈಲದ ಶೋಧದಲ್ಲಿ ಹಾರುತ್ತಿದ್ದ ಬ್ರಿಟಿಷ್ ತಂಡವೊಂದಕ್ಕೆ ಕೆಳಗೆ ಒಂದು ವಿಮಾನ ಕಾಣಿಸಿತು. ಬೆನ್ನೆಲುಬು ಮುರಿದು ಎರಡು ತುಂಡಾಗಿತ್ತು ಎನ್ನುವುದನ್ನು ಬಿಟ್ಟರೆ ಅದು ಹೆಚ್ಚುಕಡಿಮೆ ಇಡಿಯಾಗಿಯೇ ಉಳಿದಿತ್ತು. ಮರುವರ್ಷ ನೆಲದ ಮೇಲಿಂದ ಅಲ್ಲಿಗೆ ತಲುಪಿದವರು ಒಳಗೆ ಹೊಕ್ಕು ನೋಡಿದಾಗ ಮೆಷಿನ್ ಗನ್‌ಗಳು ಗುಂಡು ಹಾರಿಸುವ ಸ್ಥಿತಿಯಲ್ಲಿದ್ದವು, ರೇಡಿಯೋ ಕೆಲಸ ಮಾಡುತ್ತಿತ್ತು, ನೀರು ಮತ್ತು ಆಹಾರ ಹಾಗೆಯೇ ಇದ್ದವು. ಮನುಷ್ಯರು ಮಾತ್ರ ಇರಲಿಲ್ಲ. ಒಂದು ಮೂಳೆಯೂ ಇಲ್ಲ, ಒಂದು ಪ್ಯಾರಾಚೂಟೂ ಇಲ್ಲ.

ಇಷ್ಟು ಸಾಕಾಯಿತು, 'ಮರುಭೂಮಿಯ ಭೂತ ವಿಮಾನ' ಎಂಬ ಕಥೆ ಹುಟ್ಟಲು. ಈ ಪ್ರಕರಣದ ಬಗ್ಗೆ ಇಂದಿಗೂ ಬರುವ ಬರಹಗಳಲ್ಲಿ ಅರ್ಧಕ್ಕಿಂತ ಹೆಚ್ಚು ಭೂತದ ಹಿಂದೆಯೇ ಓಡುತ್ತವೆ. ನನಗೆ ಅದರಲ್ಲಿ ಆಸಕ್ತಿಯಿಲ್ಲ. ಒಂಬತ್ತು ಜನ ತರಬೇತಿ ಪಡೆದ ಯುವಕರು, ಕೆಡದೆ ಓಡುತ್ತಿದ್ದ ವಿಮಾನ, ಸ್ಪಷ್ಟವಾಗಿ ಕೇಳಿ ಪಡೆದ ಒಂದು ಉತ್ತರ, ಇಷ್ಟಿದ್ದೂ ಅವರು ತಮ್ಮ ನೆಲೆಯಿಂದ 700 ಕಿಲೋಮೀಟರ್ ಆಚೆ ಹೋಗಿ ಸತ್ತದ್ದು ಹೇಗೆ ಎನ್ನುವುದು ಭೂತಕ್ಕಿಂತ ಗಹನವಾದ ಪ್ರಶ್ನೆ. ವಿಮಾನದ ಹೆಸರು 'ಲೇಡಿ ಬಿ ಗುಡ್', ಮೂತಿಯ ಮೇಲೆಯೇ ಬರೆದಿತ್ತು. ಸಿಬ್ಬಂದಿಯ ಹೆಸರುಗಳನ್ನು ಇಲ್ಲಿ ಬೇಕೆಂದೇ ಬಿಟ್ಟಿದ್ದೇನೆ. ವಿಮಾನದೊಳಗೆ ಯಾರು ಯಾವ ಕೆಲಸದಲ್ಲಿದ್ದರು ಎಂಬುದಷ್ಟೇ ನಮಗೆ ಬೇಕಾದದ್ದು.

ಹಿನ್ನೆಲೆ

1943ರ ವಸಂತ. ಉತ್ತರ ಆಫ್ರಿಕಾದಲ್ಲಿ ಜರ್ಮನ್ ಮತ್ತು ಇಟಾಲಿಯನ್ ಸೇನೆಗಳು ಟ್ಯುನೀಸಿಯಾದ ಮೂಲೆಗೆ ತಳ್ಳಲ್ಪಟ್ಟಿದ್ದವು. ಅವುಗಳಿಗೆ ಇಟಲಿಯ ಬಂದರುಗಳಿಂದ ಬರುತ್ತಿದ್ದ ಸರಬರಾಜನ್ನು ತಡೆಯುವುದು ಮಿತ್ರರಾಷ್ಟ್ರಗಳ ವಾಯುದಳದ ಕೆಲಸ. ಅಮೆರಿಕದ 376ನೇ ಬಾಂಬರ್ ಗ್ರೂಪ್ ಲಿಬಿಯಾದ ಬೆಂಗಾಜಿಯ ದಕ್ಷಿಣಕ್ಕಿರುವ ಸೊಲುಕ್ ಎಂಬಲ್ಲಿ ಬೀಡುಬಿಟ್ಟಿತ್ತು. ಬೀಡೆಂದರೆ ಮರಳು, ಗುಡಾರ, ಮಣ್ಣಿನ ರನ್‌ವೇ.

ವಿಮಾನಗಳು ಬಿ-24 ಲಿಬರೇಟರ್. ನಾಲ್ಕು ಇಂಜಿನ್, ಉದ್ದನೆಯ ಸಪೂರ ರೆಕ್ಕೆ, ಆ ಕಾಲಕ್ಕೆ ಅತಿ ದೂರ ಹಾರಬಲ್ಲ ಬಾಂಬರ್‌ಗಳಲ್ಲಿ ಒಂದು. ಈ ವಿಮಾನ ನಮಗೆ ಪೂರ್ತಿ ಅಪರಿಚಿತವೇನಲ್ಲ. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಬ್ರಿಟಿಷ್ ವಾಯುಪಡೆ ಬಿಟ್ಟುಹೋಗಿದ್ದ ಲಿಬರೇಟರ್‌ಗಳ ರಾಶಿಯಿಂದ ಸುಮಾರು 40 ವಿಮಾನಗಳನ್ನು ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆ ದುರಸ್ತಿ ಮಾಡಿ ಭಾರತೀಯ ವಾಯುಪಡೆಗೆ ಕೊಟ್ಟಿತು. 1960ರ ದಶಕದ ಕೊನೆಯವರೆಗೂ ಅವು ಹಾರಾಡಿದವು.

ನಮ್ಮ ಪ್ರಕರಣದ ಒಂಬತ್ತು ಜನ ಮಾರ್ಚ್ ತಿಂಗಳಲ್ಲಷ್ಟೇ ಸೊಲುಕ್‌ಗೆ ಬಂದಿದ್ದರು. ಪೈಲಟ್, ಸಹಪೈಲಟ್, ದಾರಿಯ ಲೆಕ್ಕ ಹಾಕುವ ನ್ಯಾವಿಗೇಟರ್, ಬಾಂಬು ಗುರಿಯಿಟ್ಟು ಬಿಡುವ ಬಾಂಬಾರ್ಡಿಯರ್, ಫ್ಲೈಟ್ ಇಂಜಿನಿಯರ್, ರೇಡಿಯೋ ಆಪರೇಟರ್, ಮೂವರು ಗನ್ನರ್‌ಗಳು. ಇವರು ಒಟ್ಟಾಗಿ ಕಾರ್ಯಾಚರಣೆಗೆ ಹೊರಟದ್ದು ಅದೇ ಮೊದಲ ಸಲ. ಏಪ್ರಿಲ್ 4, ಭಾನುವಾರ. ಗುರಿ ಇಟಲಿಯ ನೇಪಲ್ಸ್ ಬಂದರು.

ಹೊರಡುವ ಹೊತ್ತಿಗೇ ಮರಳುಗಾಳಿ. ಒಟ್ಟು 25 ವಿಮಾನಗಳಲ್ಲಿ ಎರಡನೆಯ ಗುಂಪಿಗೆ ಸೇರಿದ್ದ 13ರಲ್ಲಿ ಇದೂ ಒಂದು, ಕೊನೆಕೊನೆಗೆ ಮೇಲೆದ್ದದ್ದು. ಆ 13ರಲ್ಲಿ ಹೆಚ್ಚಿನವು ಇಂಜಿನ್‌ಗೆ ಮರಳು ಹೊಕ್ಕು ನಡುವೆಯೇ ಹಿಂದಿರುಗಿದವು. ಇವರ ವಿಮಾನ ಗಾಳಿ ಮತ್ತು ಮಸುಕಿನಲ್ಲಿ ಗುಂಪಿನಿಂದ ಬೇರ್ಪಟ್ಟಿತು, ಆದರೆ ಹಿಂದಿರುಗಲಿಲ್ಲ. ನೇಪಲ್ಸ್ ಹತ್ತಿರ ತಲುಪಿದಾಗ ಸಂಜೆ ಸುಮಾರು 7.50. ಗುರಿ ಕಾಣುವಂತಿರಲಿಲ್ಲ. ಬಾಂಬುಗಳನ್ನು ಹಿಂದಿರುಗುವ ದಾರಿಯಲ್ಲಿ ಸಮುದ್ರಕ್ಕೆ ಚೆಲ್ಲಿ ಮನೆಯ ಕಡೆಗೆ ತಿರುಗಿದರು.

ಇಲ್ಲಿಯವರೆಗೆ ಆದದ್ದರಲ್ಲಿ ಜೀವಕ್ಕೆ ಎರವಾಗುವಂಥದ್ದು ಏನೂ ಇಲ್ಲ. ಯುದ್ಧಕಾಲದಲ್ಲಿ ಇಂಥ ವ್ಯರ್ಥ ಹಾರಾಟಗಳು ದಿನನಿತ್ಯದವು. ಸಹಪೈಲಟ್ ತನ್ನ ಪುಟ್ಟ ದಿನಚರಿಯಲ್ಲಿ ಅಂದಿನ ದಾಳಿಯೇ ಕಲಸುಮೇಲೋಗರವಾಗಿತ್ತು ಎಂಬರ್ಥದ ಒಂದು ಮಾತು ಬರೆದ, ಅಷ್ಟೇ.

ಸಮಸ್ಯೆ

ನೇಪಲ್ಸ್‌ನಿಂದ ಬೆಂಗಾಜಿಗೆ ನೇರ ಗೆರೆ ಎಳೆದರೆ ಸುಮಾರು 1100 ಕಿಲೋಮೀಟರ್. ದಿಕ್ಕು ದಕ್ಷಿಣ, ತುಸು ಪೂರ್ವಕ್ಕೆ ವಾಲಿದ್ದು. ಬಹುಪಾಲು ದಾರಿ ಸಮುದ್ರದ ಮೇಲೆ. ಅಂದು ಯುಗಾದಿಗೆ ಹೊಂದಿಕೊಂಡ ಅಮಾವಾಸ್ಯೆಯ ರಾತ್ರಿ, ಚಂದ್ರನಿಲ್ಲ. ಯುದ್ಧಕಾಲದ ಕರಾವಳಿಯಲ್ಲಿ ದೀಪ ಉರಿಸುವವರಿಲ್ಲ, ಕೆಳಗೆ ಮೋಡ ಬೇರೆ. ಕಡಲು ಮುಗಿದು ನೆಲ ಶುರುವಾಯಿತು ಎಂದು ಕಣ್ಣಿಗೆ ಹೇಳುವಂಥದ್ದು ಏನೂ ಇರಲಿಲ್ಲ. ಕತ್ತಲಲ್ಲಿ ಮೇಲಿನಿಂದ ನೋಡಿದರೆ ಮರಳುಗಾಡೂ ಸಮುದ್ರವೂ ಒಂದೇ.

ಮಧ್ಯರಾತ್ರಿ 12.12ಕ್ಕೆ ಪೈಲಟ್ ರೇಡಿಯೋದಲ್ಲಿ ಮಾತನಾಡಿದ. ತನ್ನ ವಿಮಾನದ ದಿಕ್ಕುಪತ್ತೆ ಯಂತ್ರ ಕೆಲಸ ಮಾಡುತ್ತಿಲ್ಲ, ತಾನು ಎಲ್ಲಿದ್ದೇನೆ ಎಂದು ಹೇಳಬೇಕು ಎಂದು ಕೇಳಿದ. ಬೆಂಗಾಜಿ ಬಳಿಯ ಬೆನೀನಾ ನಿಲ್ದಾಣದವರು ಅವನ ರೇಡಿಯೋ ಸಂಕೇತವನ್ನು ತಮ್ಮ ಯಂತ್ರದಲ್ಲಿ ಹಿಡಿದು ಉತ್ತರ ಕೊಟ್ಟರು: ಬೆನೀನಾದಿಂದ 330 ಡಿಗ್ರಿ (ಉತ್ತರವನ್ನು ಸೊನ್ನೆ ಎಂದಿಟ್ಟು ಬಲಕ್ಕೆ ಎಣಿಸಿದ ಕೋನ).

ಈ ಸಂಖ್ಯೆಯ ಮೇಲೆ ಇಡೀ ಪ್ರಕರಣ ನಿಂತಿದೆ. ಆದ್ದರಿಂದ ಅದು ಹೇಗೆ ಬಂತು ಎಂದು ಸ್ವಲ್ಪ ನಿಧಾನವಾಗಿ ನೋಡೋಣ.

ಮನೆಯಲ್ಲಿ ಹಳೆಯ ಟ್ರಾನ್ಸಿಸ್ಟರ್ ಇಟ್ಟುಕೊಂಡಿದ್ದವರಿಗೆ ಇದು ಗೊತ್ತು. ಆಕಾಶವಾಣಿಯ ಧಾರವಾಡ ಕೇಂದ್ರ ಸರಿಯಾಗಿ ಕೇಳಿಸದಿದ್ದರೆ ಪೆಟ್ಟಿಗೆಯನ್ನು ಮೇಜಿನ ಮೇಲೆ ತಿರುಗಿಸುತ್ತಿದ್ದೆವು. ಒಂದು ಕೋನದಲ್ಲಿ ದನಿ ಜೋರಾಗುತ್ತದೆ, ಇನ್ನೊಂದು ಕೋನದಲ್ಲಿ ಬಹುತೇಕ ಸತ್ತೇ ಹೋಗುತ್ತದೆ. ಪೂರ್ತಿ ಒಂದು ಸುತ್ತು ತಿರುಗಿಸಿದವರು ಗಮನಿಸಿರಬಹುದು, ದನಿ ಸಾಯುವುದು ಒಂದು ಸಲವಲ್ಲ, ಎರಡು ಸಲ. ಎರಡೂ ಒಂದಕ್ಕೊಂದು ನೇರ ಎದುರು. ಆ ಕಾಲದ ದಿಕ್ಕುಪತ್ತೆ ಯಂತ್ರದ ಹೃದಯವೂ ಇದೇ: ಬಳೆಯಂತಹ ಒಂದು ಆಂಟೆನಾ. ಅದನ್ನು ತಿರುಗಿಸಿ ದನಿ ಸಾಯುವ ಕೋನ ಹಿಡಿದರೆ ಸಂಕೇತ ಯಾವ ಗೆರೆಯ ಮೇಲಿಂದ ಬರುತ್ತಿದೆ ಎಂದು ತಿಳಿಯುತ್ತದೆ. ಆ ಗೆರೆಯ ಯಾವ ತುದಿಯಿಂದ ಬರುತ್ತಿದೆ ಎಂದು ತಿಳಿಯುವುದಿಲ್ಲ. ಅದಕ್ಕೆ ಇನ್ನೊಂದು ಆಂಟೆನಾ ಬೇಕು, ಇಲ್ಲವೇ ಬೇರೆ ಊರಿನಲ್ಲಿ ಇನ್ನೊಂದು ಕೇಂದ್ರ ಬೇಕು. ಎರಡು ಕೇಂದ್ರಗಳು ಎಳೆದ ಗೆರೆಗಳು ಕೂಡುವ ಜಾಗವೇ ವಿಮಾನ ಇರುವ ಜಾಗ.

ಅಂದರೆ ಬೆನೀನಾದ ಉತ್ತರಕ್ಕೆ ಎರಡು ಅರ್ಥಗಳಿದ್ದವು. ವಿಮಾನ ಬೆನೀನಾದಿಂದ ವಾಯವ್ಯಕ್ಕೆ, 330 ಡಿಗ್ರಿಯಲ್ಲಿ, ಸಮುದ್ರದ ಮೇಲಿದೆ. ಅಥವಾ ಅದೇ ಗೆರೆಯ ಇನ್ನೊಂದು ತುದಿಯಲ್ಲಿ, 150 ಡಿಗ್ರಿಯಲ್ಲಿ, ಆಗ್ನೇಯಕ್ಕೆ, ಮರುಭೂಮಿಯ ಮೇಲಿದೆ. ಇಟಲಿಯಿಂದ ಬರುತ್ತಿರುವ ವಿಮಾನ ಎಂದ ಮೇಲೆ ಯಾರಾದರೂ ಮೊದಲನೆಯದನ್ನೇ ಆರಿಸುತ್ತಾರೆ. ಕೊಟ್ಟವರೂ ಅದನ್ನೇ ಆರಿಸಿದರು, ಪಡೆದವರೂ ಅದನ್ನೇ ನಂಬಿದರು.

ನಿಜ ಎರಡನೆಯದಾಗಿತ್ತು. ವಿಮಾನ ಆಗಲೇ ಬೆಂಗಾಜಿಯನ್ನು ದಾಟಿಯಾಗಿತ್ತು.

ಅವರು ಮಾಡಿದ್ದು

ಇನ್ನೂ ಸಮುದ್ರದ ಮೇಲಿದ್ದೇವೆ ಎಂದು ತಿಳಿದ ಪೈಲಟ್ ಅದೇ ದಿಕ್ಕಿನಲ್ಲಿ ಮುಂದುವರಿದ. ಕರಾವಳಿ ಇನ್ನೇನು ಬಂತು ಎನ್ನುವ ನಿರೀಕ್ಷೆಯಲ್ಲಿ ಹಾರುತ್ತ ಹೋದಷ್ಟೂ ಕರಾವಳಿ ಹಿಂದೆ ಸರಿಯುತ್ತಿತ್ತು.

ಆ ರಾತ್ರಿ ಸೊಲುಕ್‌ನಲ್ಲಿ ಮೋಡದ ಮೇಲೆ ವಿಮಾನದ ಸದ್ದು ಕೇಳಿಸಿತ್ತು. ನೆಲದಿಂದ ಬೆಳಕಿನ ಬಾಣಗಳನ್ನೂ ಹಾರಿಸಿದರು. ಮೇಲಿದ್ದವರಿಗೆ ಅವು ಕಾಣಲಿಲ್ಲ. ನನ್ನ ಮಟ್ಟಿಗೆ ಈ ಪ್ರಕರಣದ ನಿಜವಾದ ತಿರುವು ಇದು, ಮತ್ತು ಹೆಚ್ಚಿನ ಬರಹಗಳು ಇದನ್ನು ಒಂದು ಸಾಲಿನಲ್ಲಿ ಮುಗಿಸುತ್ತವೆ. ಒಂದು ಕಡೆ ಸಂಕೇತ ಹಿಡಿದವರು ಒಂದು ಗೆರೆ ಎಳೆದಿದ್ದಾರೆ. ಇನ್ನೊಂದು ಕಡೆ ಸದ್ದು ಕೇಳಿದವರು ವಿಮಾನ ತಲೆಯ ಮೇಲೆ ಹಾದುಹೋಯಿತು ಎಂದು ತಿಳಿದಿದ್ದಾರೆ. ಈ ಎರಡು ಸಂಗತಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟರೆ ಗೆರೆಯ ಯಾವ ತುದಿ ಸರಿ ಎಂಬ ಪ್ರಶ್ನೆಗೆ ಉತ್ತರ ಅಲ್ಲೇ ಇತ್ತು. ಎರಡೂ ಒಂದಾಗಿ ಪೈಲಟ್‌ನ ಕಿವಿಗೆ ತಲುಪಲಿಲ್ಲ.

ವಿಮಾನದ ಒಳಗೂ ಒಂದು ಸಾಕ್ಷಿಯಿತ್ತು, ಗಡಿಯಾರ. ಲಿಬರೇಟರ್ ಗಂಟೆಗೆ ಸುಮಾರು 300 ಕಿಲೋಮೀಟರ್ ಕ್ರಮಿಸುತ್ತದೆ ಎಂದು ಒರಟಾಗಿ ಇಟ್ಟುಕೊಳ್ಳಿ. 7.50ಕ್ಕೆ ನೇಪಲ್ಸ್ ಬಿಟ್ಟವರು ಹನ್ನೊಂದೂವರೆಯ ಸುಮಾರಿಗೆ ಬೆಂಗಾಜಿಯ ಮೇಲಿರಬೇಕು. ಉತ್ತರದ ಗಾಳಿ ಬೆನ್ನಿಗಿದ್ದರೆ ಇನ್ನೂ ಬೇಗ. 12.12ಕ್ಕೆ 'ಇನ್ನೂ ಸಮುದ್ರ' ಎನ್ನಬೇಕಾದರೆ ಎದುರುಗಾಳಿ ಬೀಸುತ್ತಿರಬೇಕು, ಇಲ್ಲವೇ ದಾರಿ ಬಹಳ ಸುತ್ತಾಗಿರಬೇಕು. ಹಿಂದುಮುಂದಾಗಿಯೂ ಲೆಕ್ಕ ಹಾಕಬಹುದು. ವಿಮಾನ ಬಿದ್ದದ್ದು ಸೊಲುಕ್‌ನಿಂದ ಸುಮಾರು 710 ಕಿಲೋಮೀಟರ್ ಆಗ್ನೇಯದಲ್ಲಿ. ಸಿಬ್ಬಂದಿ ಧುಮುಕಿದ್ದು ರಾತ್ರಿ ಎರಡರ ಸುಮಾರಿಗೆ. ಎರಡು ಗಂಟೆಗೂ ಕಡಿಮೆ ಹೊತ್ತಿನಲ್ಲಿ ಅಷ್ಟು ದೂರ ಹೋಗಲಾಗದು. ಹಾಗಾಗಿ ಪೈಲಟ್ ರೇಡಿಯೋ ಎತ್ತಿಕೊಂಡ ಕ್ಷಣದಲ್ಲಿ ಅವರು ಮನೆ ದಾಟಿ ಕನಿಷ್ಠ ನೂರು ಕಿಲೋಮೀಟರ್ ಆಚೆ ಇದ್ದಿರಬೇಕು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತೇವೆ. ಕಾಗದ ಪೆನ್ನು ಹಿಡಿದು ಕೂತ ನನಗೆ ಈ ಲೆಕ್ಕ ಸುಲಭ. ಒಂಬತ್ತು ಗಂಟೆ ಕಾಲ ಚಳಿಯಲ್ಲಿ, ಇಂಜಿನ್‌ಗಳ ಗುಡುಗಿನಲ್ಲಿ ಕೂತವರಿಗೆ, ಮೊದಲ ಕಾರ್ಯಾಚರಣೆಯಲ್ಲೇ ಗುಂಪು ಕಳೆದುಕೊಂಡವರಿಗೆ ಅದು ಸುಲಭವಾಗಿರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಅವರಿಗೆ ಅನುಮಾನ ಬರಲು ಕಾರಣವೇ ಇರಲಿಲ್ಲ. ನೆಲದಿಂದ ಬಂದ ಉತ್ತರ ಅವರ ನಂಬಿಕೆಗೆ ವಿರುದ್ಧವಾಗಿದ್ದಿದ್ದರೆ ನ್ಯಾವಿಗೇಟರ್ ಮತ್ತೆ ಲೆಕ್ಕ ಹಾಕುತ್ತಿದ್ದ. ಅದು ನಂಬಿಕೆಗೆ ಅಚ್ಚುಕಟ್ಟಾಗಿ ಹೊಂದಿಕೊಂಡಿತು. ಹೊಂದಿಕೊಂಡದ್ದನ್ನು ಯಾರು ಪರೀಕ್ಷಿಸುತ್ತಾರೆ?

ಪರೀಕ್ಷಿಸುವ ವಿಧಾನವೇನೋ ಇತ್ತು. ಇಂಥ ಇಬ್ಬಂದಿಯನ್ನು ಬಿಡಿಸಲು ವಿಮಾನ ಬಂದ ಗೆರೆಗೆ ಅಡ್ಡಲಾಗಿ ತಿರುಗಿ ಕೆಲವು ನಿಮಿಷ ಹಾರಿ ಮತ್ತೊಮ್ಮೆ ಡಿಗ್ರಿ ಕೇಳಬೇಕು. ಉದಾಹರಣೆಗೆ ಈಶಾನ್ಯದ ಕಡೆಗೆ, 60 ಡಿಗ್ರಿಗೆ ತಿರುಗಿದರು ಎನ್ನಿ. ವಿಮಾನ ನಿಜವಾಗಿ ಸಮುದ್ರದ ಮೇಲಿದ್ದರೆ 330 ಎಂಬುದು 335, 340 ಎಂದು ಏರುತ್ತ ಹೋಗುತ್ತದೆ. ಮರುಭೂಮಿಯ ಮೇಲಿದ್ದರೆ 325, 320 ಎಂದು ಇಳಿಯುತ್ತ ಹೋಗುತ್ತದೆ. ಸಂಖ್ಯೆ ಏರಿತೋ ಇಳಿಯಿತೋ ಎಂಬುದಷ್ಟೇ ಸಾಕು. ಇದಕ್ಕೆ ಹತ್ತು ನಿಮಿಷದ ಇಂಧನ ಖರ್ಚಾಗುತ್ತಿತ್ತು. ಅವರ ಬಳಿ ಇನ್ನೂ ಸುಮಾರು ಎರಡು ಗಂಟೆಯ ಇಂಧನವಿತ್ತು.

ಎರಡು ಗಂಟೆಯ ಹೊತ್ತಿಗೆ ಇಂಧನ ಬರಿದಾಗುತ್ತ ಬಂತು. ಜೀವರಕ್ಷಕ ಅಂಗಿಗಳನ್ನು ತೊಟ್ಟು ಒಬ್ಬೊಬ್ಬರಾಗಿ ಧುಮುಕಿದರು. ಕತ್ತಲಲ್ಲಿ ತೇಲಿ ಇಳಿದವರ ಕಾಲಿಗೆ ಸಿಕ್ಕಿದ್ದು ಮರಳು.

ಖಾಲಿ ವಿಮಾನ ನೆಟ್ಟಗೆ ದಕ್ಷಿಣಕ್ಕೆ ಇನ್ನೂ 26 ಕಿಲೋಮೀಟರ್ ಹಾರಿತು. ಕೊನೆಗೆ ಒಂದೇ ಇಂಜಿನ್ ತಿರುಗುತ್ತಿದ್ದಾಗ ನಿಧಾನವಾಗಿ ಇಳಿದು ಹೊಟ್ಟೆಯ ಮೇಲೆ ಜಾರಿ ನಿಂತಿತು. ಪೈಲಟ್ ಇದ್ದಿದ್ದರೂ ಇದಕ್ಕಿಂತ ಚೆನ್ನಾಗಿ ಇಳಿಸುವುದು ಕಷ್ಟವಿತ್ತು.

ನೆಲದ ಮೇಲೆ ಎಂಟು ದಿನ

ಮುಂದಿನದೆಲ್ಲ ನಮಗೆ ತಿಳಿದಿರುವುದು ಸಹಪೈಲಟ್‌ನ ದಿನಚರಿಯಿಂದ. ದಿನಕ್ಕೆ ಕೆಲವೇ ಸಾಲು, ಕೆಲವೊಮ್ಮೆ ಕೆಲವೇ ಪದ. ಅತ್ತದ್ದಿಲ್ಲ, ದೂರಿದ್ದಿಲ್ಲ. ನನಗೆ ಗೊತ್ತಿರುವ ಯುದ್ಧದ ದಾಖಲೆಗಳಲ್ಲಿ ಇಷ್ಟು ಬಿಗಿಯಾದದ್ದು ಇನ್ನೊಂದಿಲ್ಲ.

ಇಳಿದ ಮೇಲೆ ಎಂಟು ಜನ ಕತ್ತಲಲ್ಲಿ ಒಬ್ಬರನ್ನೊಬ್ಬರು ಹುಡುಕಿಕೊಂಡರು. ಯಾರಿಗೂ ದೊಡ್ಡ ಪೆಟ್ಟಾಗಿರಲಿಲ್ಲ. ಬಾಂಬಾರ್ಡಿಯರ್ ಮಾತ್ರ ಸಿಗಲಿಲ್ಲ. ಅವನ ಪ್ಯಾರಾಚೂಟ್ ಪೂರ್ತಿ ಬಿಚ್ಚಿಕೊಂಡಿರಲಿಲ್ಲ ಎಂಬುದು ತಿಳಿದದ್ದು ಹದಿನೇಳು ವರ್ಷಗಳ ನಂತರ.

ಸೋಮವಾರ ವಾಯವ್ಯಕ್ಕೆ ನಡಿಗೆ ಶುರು. ಇರುವುದು ಅರ್ಧ ಕ್ಯಾಂಟೀನ್ (ಸೈನಿಕರ ನೀರಿನ ಬಾಟಲಿ) ನೀರು. ಪೂರ್ತಿ ಕ್ಯಾಂಟೀನ್ ಎಂದರೇ ಒಂದು ಲೀಟರಿಗೆ ತುಸು ಕಡಿಮೆ, ಅದರಲ್ಲಿ ಅರ್ಧ, ಎಂಟು ಜನಕ್ಕೆ. ದಿನಕ್ಕೆ ತಲಾ ಒಂದು ಮುಚ್ಚಳದಷ್ಟು ಎಂದು ನಿಯಮ ಮಾಡಿಕೊಂಡರು. ಮಂಗಳವಾರ ಮಧ್ಯಾಹ್ನದ ಬಿಸಿಲನ್ನು ದಿನಚರಿ ನರಕ ಎನ್ನುತ್ತದೆ. ಬಿಸಿಲು ಇಳಿಯುವವರೆಗೆ ಮಲಗಿದ್ದು, ರಾತ್ರಿಯಿಡೀ ಹದಿನೈದು ನಿಮಿಷ ನಡೆದು ಐದು ನಿಮಿಷ ಕೂರುವುದು. ಬುಧವಾರ ಎಲ್ಲರೂ ಸೋಲುತ್ತಿದ್ದರು, ಸದಾ ಪ್ರಾರ್ಥನೆ. ಗುರುವಾರ ಮರಳ ದಿಬ್ಬಗಳು ಎದುರಾದವು, ಗಾಳಿಗೆ ಮರಳು ಹಾರಿ ರೇಡಿಯೋ ಆಪರೇಟರ್‌ನ ಕಣ್ಣು ಹೋಯಿತು, ಉಳಿದವರ ಕಣ್ಣುಗಳೂ ಕೆಟ್ಟಿದ್ದವು.

ಶುಕ್ರವಾರ ಗುಂಪು ಒಡೆಯಿತು. ಫ್ಲೈಟ್ ಇಂಜಿನಿಯರ್ ಮತ್ತು ಇಬ್ಬರು ಗನ್ನರ್‌ಗಳು ನೆರವು ತರುತ್ತೇವೆಂದು ಮುಂದೆ ನಡೆದರು. ಐವರು ಅಲ್ಲೇ ಉಳಿದರು. ಅಷ್ಟರಲ್ಲಿ ಅವರು ಸುಮಾರು 130 ಕಿಲೋಮೀಟರ್ ನಡೆದಿದ್ದರು. ಇಷ್ಟು ನೀರಿನಲ್ಲಿ ಮನುಷ್ಯ ಎರಡು ದಿನ ಬದುಕಿದರೆ ಹೆಚ್ಚು ಎಂಬುದು ಆ ಕಾಲದ ಸೇನೆಯ ತಿಳಿವಳಿಕೆಯಾಗಿತ್ತು.

ಶನಿವಾರ ಒಂದೆರಡು ಹಕ್ಕಿಗಳು ಕಂಡವು. ಭಾನುವಾರ ನೀರು ನಾಲಿಗೆಗೆ ತಾಗಿಸುವಷ್ಟು ಉಳಿದಿತ್ತು. ನೀರೊಂದಿದ್ದರೆ ಬದುಕಿಕೊಳ್ಳಬಹುದಿತ್ತು ಎಂದು ಬರೆದ ಸಹಪೈಲಟ್ ಬೇಗನೇ ನೆರವು ಬರುತ್ತದೆ ಎಂಬ ನಿರೀಕ್ಷೆಯನ್ನೂ ಬರೆದ. ಸೋಮವಾರ, ಏಪ್ರಿಲ್ 12ರ ನಮೂದು ಅತಿ ಚಿಕ್ಕದು: ಇನ್ನೂ ನೆರವು ಬಂದಿಲ್ಲ, ರಾತ್ರಿ ತುಂಬ ಚಳಿ. ಅದರ ನಂತರದ ಪುಟಗಳು ಖಾಲಿ.

ಹುಡುಕಾಟ ನಡೆದದ್ದು ಎಲ್ಲಿ?

ನೆರವು ಹೊರಟಿತ್ತು. ವಿಮಾನಗಳು ಹುಡುಕಿದ್ದವು, ಸಮುದ್ರದ ಮೇಲೆ. 330 ಡಿಗ್ರಿಯಲ್ಲಿದ್ದ ವಿಮಾನ ಮನೆ ತಲುಪಲಿಲ್ಲವೆಂದರೆ ಮೆಡಿಟರೇನಿಯನ್‌ನಲ್ಲಿ ಮುಳುಗಿದೆ ಎಂಬುದು ಸಹಜವಾದ ತರ್ಕ. ಹೀಗೆ ಒಂದೇ ಸಂಖ್ಯೆ ಮೂರು ಸಲ ಕೊಂದಿತು. ಮೊದಲು ವಿಮಾನವನ್ನು ದಕ್ಷಿಣಕ್ಕೆ ಓಡಿಸಿತು. ನಂತರ ಮನುಷ್ಯರನ್ನು ಉತ್ತರಕ್ಕೆ ನಡೆಸಿತು, ಏಕೆಂದರೆ ಸಮುದ್ರಕ್ಕೆ ಹತ್ತಿರದಲ್ಲೇ ಇದ್ದೇವೆ ಎಂದು ನಂಬಿದವರು ಕರಾವಳಿ ಮುಟ್ಟಲು ಹೊರಡದೆ ಇನ್ನೇನು ಮಾಡಿಯಾರು? ಕೊನೆಗೆ ಹುಡುಕುವವರ ಮುಖವನ್ನೂ ಬೇರೆ ಕಡೆ ತಿರುಗಿಸಿತು.

ಇನ್ನೊಂದು ದಿಕ್ಕನ್ನು ಯೋಚಿಸಿ ನೋಡಿ. ಇಳಿದ ಜಾಗದಿಂದ ದಕ್ಷಿಣಕ್ಕೆ 26 ಕಿಲೋಮೀಟರ್ ನಡೆದಿದ್ದರೆ ಅವರದೇ ವಿಮಾನ, ನೀರು, ಆಹಾರ, ಕೆಲಸ ಮಾಡುವ ರೇಡಿಯೋ. ಅವರು ನಡೆದ 130 ಕಿಲೋಮೀಟರ್‌ನ ಐದನೆಯ ಒಂದು ಭಾಗ. ಇನ್ನೂ ದಕ್ಷಿಣಕ್ಕೆ ವಾಡಿ ಜಿಘೆನ್ ಎಂಬ ಓಯಸಿಸ್ ಇತ್ತು. ಆದರೆ ತಾವು ಮರುಭೂಮಿಯ ನಡುವಿನಲ್ಲಿ ಇದ್ದೇವೆ ಎಂದು ತಿಳಿಯದವರಿಗೆ ಮರುಭೂಮಿಯ ಕಡೆಗೇ ಬೆನ್ನು ಹಾಕಬೇಕೆಂದು ಅನಿಸುವುದು ಸಹಜ. ವಿಮಾನ ಬಿದ್ದದ್ದು ಅವರಿಗೆ ಕಂಡಿರಲಿಲ್ಲ. ಎಲ್ಲಿಯೋ ನುಚ್ಚುನೂರಾಗಿ ಉರಿದುಹೋಗಿದೆ ಎಂದುಕೊಂಡಿದ್ದರೂ ಅದು ಅಸಂಗತವಲ್ಲ. ಚಾಲಕನಿಲ್ಲದ ಬಾಂಬರ್ ಹೂವಿನಂತೆ ಇಳಿಯುತ್ತದೆ ಎಂದು ಯಾರು ಊಹಿಸುತ್ತಾರೆ?

ನನ್ನ ಓದು

ಈ ಪ್ರಕರಣಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ ಅನನುಭವ. ಹೊಸ ತಂಡ, ಮೊದಲ ಹಾರಾಟ, ತಪ್ಪಾಯಿತು. ನ್ಯಾವಿಗೇಟರ್‌ನ ಮೇಲೆ ಹೊರೆ ಹೊರಿಸಿ ಕಡತ ಮುಚ್ಚಿದರೆ ಎಲ್ಲರಿಗೂ ಅನುಕೂಲ. ನನಗೆ ಇದು ಒಪ್ಪಿಗೆಯಾಗುವುದಿಲ್ಲ. ಅನನುಭವಿಗಳು ಎಂಬುದು ನಿಜ. ಆದರೆ ಬೆನೀನಾದ ಯಂತ್ರದ ಮುಂದೆ ಕೂತವರು ಈ ತಂಡದವರಲ್ಲ. ಸಮುದ್ರದಲ್ಲಿ ಹುಡುಕಲು ಆಜ್ಞೆ ಮಾಡಿದವರೂ ಈ ತಂಡದವರಲ್ಲ. ಅವರೂ ಅದೇ ತುದಿಯನ್ನೇ ಆರಿಸಿದರು.

ಪ್ರತಿಯೊಂದು ನಿರ್ಧಾರವನ್ನು ಬಿಡಿಯಾಗಿ ತೆಗೆದುಕೊಳ್ಳಿ. ದಾರಿ ತಪ್ಪಿದೆ ಎನಿಸಿದಾಗ ನೆಲವನ್ನು ಕೇಳಿದ್ದು ಸರಿ. ಬಂದ ಉತ್ತರವನ್ನು ನಂಬಿದ್ದು ಸರಿ. ಇಂಧನ ಮುಗಿಯುವ ಮುನ್ನ ಧುಮುಕಿದ್ದು ಸರಿ. ಒಟ್ಟಾಗಿ ಸೇರಿ, ನೀರನ್ನು ಅಳೆದು, ರಾತ್ರಿ ನಡೆದು ಹಗಲು ಮಲಗಿದ್ದಂತೂ ಯಾವ ತರಬೇತಿಯ ಪುಸ್ತಕವೂ ಮೆಚ್ಚುವ ಶಿಸ್ತು. ದಿಕ್ಕು ಕೂಡ ತಪ್ಪಲಿಲ್ಲ, ನಡೆದಷ್ಟು ದಿನವೂ ವಾಯವ್ಯವನ್ನು ವಾಯವ್ಯವೆಂದೇ ಹಿಡಿದು ನಡೆದರು. ಇಷ್ಟೆಲ್ಲ ಸರಿಗಳ ಕೆಳಗೆ ಒಂದು ತಪ್ಪು ಅಡಿಗಲ್ಲು. ಕಟ್ಟಡ ಎಷ್ಟು ನೇರವಾಗಿ ಎದ್ದಿತೋ ಅಷ್ಟೇ ದೂರ ಅವರನ್ನು ಒಯ್ದಿತು. ಶಿಸ್ತು ಕಡಿಮೆಯಿದ್ದ ತಂಡವಾಗಿದ್ದರೆ, ಯಾರೋ ಒಬ್ಬ ಜಗಳ ತೆಗೆದು 'ವಿಮಾನ ಎಲ್ಲಿ ಬಿತ್ತು ನೋಡೋಣ' ಎಂದು ಹಿಂದಕ್ಕೆ ಹೊರಟಿದ್ದರೆ, ಕಥೆ ಬೇರೆಯಾಗುತ್ತಿತ್ತೇನೋ.

ಹಾಗಾದರೆ ಕಲಿಯುವುದು ಏನನ್ನು? ವಿಮಾನಯಾನದವರು ಕಲಿತದ್ದು ಸರಳ. ಒಂದು ಗೆರೆಯನ್ನು ಜಾಗವೆಂದು ತಿಳಿಯಬೇಡ, ಎರಡನೆಯ ಗೆರೆ ಸಿಗುವವರೆಗೆ ಅದು ಅರ್ಧ ಉತ್ತರ. ಬಿದ್ದ ವಿಮಾನದ ಹತ್ತಿರವೇ ಇರು, ಹುಡುಕುವವರಿಗೆ ಮನುಷ್ಯನಿಗಿಂತ ಅದು ಬೇಗ ಕಾಣುತ್ತದೆ. ಇವು ಇಂದು ತರಬೇತಿಯ ಮೊದಲ ಪಾಠಗಳು.

ವಿಮಾನದ ಹೊರಗೆ, ಕಚೇರಿಯಲ್ಲೋ ಆಸ್ಪತ್ರೆಯಲ್ಲೋ ತೀರ್ಮಾನ ಮಾಡುವವರಿಗೆ ನಾನು ತೋರಿಸಬಯಸುವುದು ಪೈಲಟ್ ಕೇಳಿದ ಪ್ರಶ್ನೆಯ ರೂಪವನ್ನು. ಅವನು ಕೇಳಿದ್ದು 'ನಾನು ಎಲ್ಲಿದ್ದೇನೆ' ಎಂದು. ಆ ಪ್ರಶ್ನೆಗೆ ಬರಬಹುದಾದ ಉತ್ತರ ಅವನು ಅಂದುಕೊಂಡದ್ದಕ್ಕೂ ಅದರ ತದ್ವಿರುದ್ಧಕ್ಕೂ ಸಮನಾಗಿ ಹೊಂದುತ್ತಿತ್ತು. 'ನಾನು ಈಗಾಗಲೇ ನಿಮ್ಮನ್ನು ದಾಟಿರಬಹುದೇ, ನನ್ನ ಸದ್ದು ಯಾರಿಗಾದರೂ ಕೇಳಿಸಿತೇ' ಎಂದು ಕೇಳಿದ್ದರೆ ಸೊಲುಕ್‌ನಲ್ಲಿ ಉತ್ತರ ಹೇಳಬಲ್ಲವರಿದ್ದರು. ನಮ್ಮ ರೋಗಪರೀಕ್ಷೆಗಳಲ್ಲಿ, ಲೆಕ್ಕಪತ್ರಗಳಲ್ಲಿ, ಸೇತುವೆಯ ತಪಾಸಣೆಯಲ್ಲಿ ನಾವು ಕೇಳುವ ಪ್ರಶ್ನೆಗಳಲ್ಲಿ ಬಹಳಷ್ಟು ಮೊದಲ ಜಾತಿಯವು. ಬಂದ ಉತ್ತರ ನಮ್ಮ ಊಹೆಯ ಜೊತೆ ಹೊಂದಿದರೆ ಸಾಕು, ಮುಂದಕ್ಕೆ ಹಾರುತ್ತೇವೆ.

ಸಿಕ್ಕವರು, ಸಿಗದವರು

1959ರಲ್ಲಿ ಅಮೆರಿಕದ ಸೇನೆ ಹುಡುಕಾಟಕ್ಕೆ ತಂಡ ಕಳಿಸಿತು. ವಿಮಾನದಿಂದ ಉತ್ತರಕ್ಕೆ ಕುರುಹುಗಳನ್ನು ಹಿಡಿದು ಹೋದ ಆ ತಂಡಕ್ಕೆ ಮರಳ ದಿಬ್ಬಗಳ ಅಂಚಿನಲ್ಲಿ ಜಾಡು ಕಡಿದುಹೋಯಿತು. ಅಲ್ಲಿಂದಾಚೆ ದೇಹಗಳನ್ನು ದಿಬ್ಬಗಳು ನುಂಗಿವೆ ಎಂದು ತೀರ್ಮಾನಿಸಿದರು. ದಿಬ್ಬಗಳನ್ನು ದಾಟುವಷ್ಟು ಶಕ್ತಿ ಅವರಲ್ಲಿ ಉಳಿದಿರಲಾರದು ಎಂಬ ಊಹೆ ಅದರ ಹಿಂದಿತ್ತು. ಮತ್ತೆ ಒಂದು ಊಹೆ, ಮತ್ತೆ ತಪ್ಪು. 1960ರ ಫೆಬ್ರವರಿಯಲ್ಲಿ ತೈಲ ಶೋಧಕರಿಗೇ ಐವರ ಅವಶೇಷಗಳು ಸಿಕ್ಕವು, ಜೊತೆಗೆ ಖಾಲಿ ಕ್ಯಾಂಟೀನ್ ಮತ್ತು ಆ ದಿನಚರಿ. ಮೇ ತಿಂಗಳಲ್ಲಿ ಮುಂದೆ ನಡೆದಿದ್ದ ಮೂವರಲ್ಲಿ ಇಬ್ಬರು ಸಿಕ್ಕರು. ಒಬ್ಬ ಗನ್ನರ್ ಐವರಿದ್ದಲ್ಲಿಂದ ಇನ್ನೂ 32 ಕಿಲೋಮೀಟರ್ ನಡೆದಿದ್ದ. ಫ್ಲೈಟ್ ಇಂಜಿನಿಯರ್ 40 ಕಿಲೋಮೀಟರಿಗೂ ಹೆಚ್ಚು. ಆಗಸ್ಟ್‌ನಲ್ಲಿ ಬಾಂಬಾರ್ಡಿಯರ್ ಸಿಕ್ಕ, ವಿಮಾನದ ಉತ್ತರಕ್ಕೆ, ಉಳಿದವರು ಇಳಿದ ಜಾಗದ ಸಮೀಪದಲ್ಲೇ, ತನ್ನ ಪ್ಯಾರಾಚೂಟ್ ಸಮೇತ. ಮೂರನೆಯವನಾದ ಗನ್ನರ್‌ನ ದೇಹವನ್ನು ಅಧಿಕೃತವಾಗಿ ಗುರುತಿಸಲು ಆಗಲೇ ಇಲ್ಲ. ವಿಮಾನದ ಅವಶೇಷವನ್ನು 1994ರಲ್ಲಿ ಮರುಭೂಮಿಯಿಂದ ಎತ್ತಿ ಟೊಬ್ರುಕ್ ಬಳಿಯ ಲಿಬಿಯಾದ ವಾಯುನೆಲೆಗೆ ಸಾಗಿಸಲಾಯಿತು.

1959ರ ತಂಡ ದಿಬ್ಬಗಳವರೆಗಾದರೂ ಹೋಗಲು ಸಾಧ್ಯವಾದದ್ದು ಆ ಎಂಟು ಜನರಿಂದಲೇ. ನಡೆಯುತ್ತ ಅವರು ಬಿಟ್ಟ ಬೂಟುಗಳು, ಬಿಸಾಡಿದ ಜೀವರಕ್ಷಕ ಅಂಗಿಗಳು ದಾರಿಯುದ್ದಕ್ಕೂ ಬಿದ್ದಿದ್ದವು. ಅಲ್ಲಲ್ಲಿ ಪ್ಯಾರಾಚೂಟಿನ ಬಟ್ಟೆಯನ್ನು ಬಾಣದ ಆಕಾರದಲ್ಲಿ ನೆಲಕ್ಕೆ ಹಾಸಿ, ಗಾಳಿಗೆ ಹಾರದಂತೆ ಮೇಲೆ ಕಲ್ಲು ಹೇರಿದ್ದರು. ಹದಿನಾರು ವರ್ಷ ಕಳೆದರೂ ಆ ಬಾಣಗಳು ಕದಲಿರಲಿಲ್ಲ. ಮೊದಲ ಬಾಣದ ಬಳಿ ನಿಂತವರಿಗೆ ಇವರು ಹೋದ ದಿಕ್ಕು ಯಾವುದೆಂದು ಯಾರನ್ನೂ ಕೇಳಬೇಕಾಗಲಿಲ್ಲ.